ಖಾಲಿ ವಾಪಸ್ ಬರಬೇಕು ಸಾರ್

ಮೆಲ್ಬರ್ನ್‌ನಲ್ಲಿ ಬಾಡಿಗೆ ಓಡಿಸಲು ಶುರು ಮಾಡಿ ಮೂರು ವರ್ಷವಾಯಿತು. ವಾರದ ದಿನಗಳಲ್ಲಿ ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ಬರೆಯುವ ಕೆಲಸ. ಶುಕ್ರವಾರ, ಶನಿವಾರ ರಾತ್ರಿ ಟ್ಯಾಕ್ಸಿ ಆ್ಯಪ್ ಆನ್ ಮಾಡಿಕೊಂಡು ಕಾರು ತೆಗೆದು ಹೊರಡುತ್ತೇನೆ. ತಿಪಟೂರಿನಲ್ಲಿ ಅಮ್ಮ ನೆಂಟರಿಗೆಲ್ಲ ಹೇಳುವುದು, "ಅವನಿಗೆ ಅಲ್ಲಿ ಸಾರಿಗೆ ಇಲಾಖೇಲಿ ಕೆಲಸ." ನಾನೂ ತಿದ್ದಲು ಹೋಗಿಲ್ಲ.

ಅದಕ್ಕೂ ಮುಂಚೆ ಎಂಟು ವರ್ಷ ಬೆಂಗಳೂರಿನಲ್ಲಿದ್ದೆ. ಆಗ ನಾನು ಹಿಂದಿನ ಸೀಟಿನವನು. ಆಟೋದವರ ಜೊತೆ ಜಗಳ ಆಡುವುದರಲ್ಲಿ ಎತ್ತಿದ ಕೈ. "ಮೀಟರ್ ಮೇಲೆ 20 ಕೊಡಿ" ಅಂದರೆ ಮೈಯೆಲ್ಲ ಉರಿಯುತ್ತಿತ್ತು. "ಆ ಕಡೆ ಬರಲ್ಲ" ಅಂದರೆ ಗಾಡಿ ನಂಬರ್ ಬರೆದುಕೊಳ್ಳುತ್ತಿದ್ದೆ. ಬರೆದ ಚೀಟಿಗಳೆಲ್ಲ ಪ್ಯಾಂಟಿನ ಜೇಬಿನಲ್ಲೇ ಒಗೆದು ಹೋದವು, ಅದು ಬೇರೆ ಮಾತು. ಅವರು ಹೇಳುತ್ತಿದ್ದ ಕಾರಣ ಯಾವಾಗಲೂ ಒಂದೇ. "ಖಾಲಿ ವಾಪಸ್ ಬರಬೇಕು ಸಾರ್." ಸುಮ್ನೆ ನೆಪ ಅಂದುಕೊಂಡಿದ್ದೆ.

ಇಲ್ಲಿ ಒಂದು ಶನಿವಾರ ರಾತ್ರಿ ಒಂದೂವರೆಗೆ ಸಿಟಿಯ ಕಿಂಗ್ ಸ್ಟ್ರೀಟ್‌ನಿಂದ ಬಾಡಿಗೆ ಬಂತು. ಹೋಗಬೇಕಾದ್ದು ಪ್ಯಾಕೆನಮ್‌ಗೆ. ಅದು ಊರಿನ ಆಗ್ನೇಯ ತುದಿ, ಸಿಟಿಯಿಂದ 55 ಕಿಲೋಮೀಟರ್‌ನಷ್ಟು ದೂರ. ದುಡ್ಡು ಚೆನ್ನಾಗಿ ಕಾಣಿಸಿತು, ಒತ್ತಿಬಿಟ್ಟೆ. ಹತ್ತಿದ ಹುಡುಗ ಮೊನಾಶ್ ಫ್ರೀವೇ ಮುಗಿಯುವವರೆಗೂ ಗೊರಕೆ ಹೊಡೆದ. ಮನೆ ಮುಂದೆ ಎಬ್ಬಿಸಿ ಇಳಿಸಿದೆ. ಆಮೇಲೆ ಒಂದು ಪೆಟ್ರೋಲ್ ಬಂಕ್ ಪಕ್ಕದಲ್ಲಿ 20 ನಿಮಿಷ ಕಾದೆ. ಆ ಹೊತ್ತಿನಲ್ಲಿ ಪ್ಯಾಕೆನಮ್‌ನಿಂದ ಸಿಟಿಗೆ ಹೋಗುವವರು ಯಾರು? ನನ್ನ ಮನೆ ಇರುವುದು ಟಾರ್ನೀಟ್‌ನಲ್ಲಿ, ಊರಿನ ಪಶ್ಚಿಮ ತುದಿಯಲ್ಲಿ. 80 ಕಿಲೋಮೀಟರ್ ಹತ್ತಿರ ಖಾಲಿ ಬಂದೆ. ಹೋಗುವಾಗಿನ ಟೋಲ್ ಅವನ ಲೆಕ್ಕಕ್ಕೆ ಹೋಯಿತು. ಬರುವಾಗ ಡೊಮೇನ್ ಸುರಂಗದ ಟೋಲ್ ನನ್ನ ತಲೆಗೆ ಬಂತು. ವೆಸ್ಟ್‌ಗೇಟ್ ಸೇತುವೆ ಹತ್ತುವಾಗ ಬಾಯಿಂದ ತಾನಾಗಿ ಹೊರಟಿತು, "ಖಾಲಿ ವಾಪಸ್ ಬರಬೇಕು ಸಾರ್." ಜಗಳ ಆಡೋಕೂ ಕಾರಿನಲ್ಲಿ ಯಾರೂ ಇರಲಿಲ್ಲ.

ಊರಿಂದ ಬಂದವರು ಇಲ್ಲಿನ ಚಾಲಕರನ್ನು ಹೊಗಳುತ್ತಾರೆ. ಕರೆದ ತಕ್ಷಣ ಬರುತ್ತಾರೆ, ಎಲ್ಲಿಗೆ ಅಂದರೂ ಬರುತ್ತಾರೆ, ಒಂದು ಮಾತು ಆಡಲ್ಲ ಅಂತ. ನನಗೆ ನಗು ಬರುತ್ತದೆ. ನಾವೂ "ಬರಲ್ಲ" ಅನ್ನುತ್ತೇವೆ, ರಾತ್ರಿಗೆ ಹತ್ತಾರು ಸಲ. ಫೋನಿನಲ್ಲಿ ದಿಕ್ಕು, ದೂರ, ದುಡ್ಡು ಮೂರೂ ಕಾಣಿಸುತ್ತದೆ. ಯೋಚಿಸಲು ಕೆಲವೇ ಸೆಕೆಂಡು ಟೈಮ್. ಗಿಟ್ಟಲ್ಲ ಅನಿಸಿದರೆ ಬಿಟ್ಟುಬಿಡುತ್ತೇವೆ. ಅದು ಇನ್ನೊಬ್ಬನಿಗೆ ಹೋಗುತ್ತದೆ, ಅವನೂ ಬಿಟ್ಟರೆ ಮತ್ತೊಬ್ಬನಿಗೆ. ಕಾಯುತ್ತಿರುವವರಿಗೆ ಕಾಣುವುದು "ಹುಡುಕುತ್ತಿದ್ದೇವೆ" ಅನ್ನುವ ಒಂದು ಸಾಲು ಅಷ್ಟೇ. ಐದು ಜನ ಒಲ್ಲೆ ಅಂದದ್ದು ಅವರ ಕಿವಿಗೆ ಬೀಳುವುದೇ ಇಲ್ಲ. ಬೆಂಗಳೂರಿನಲ್ಲಿ ಅದೇ ಐದು ಜನ ಎದುರಿಗೆ ಬಂದು, ಗಾಡಿ ನಿಧಾನ ಮಾಡಿ, ಕತ್ತು ಅಲ್ಲಾಡಿಸಿ ಹೋಗುತ್ತಾರೆ. ಹಾಗಾಗಿ ಬೈಗುಳ ಅವರಿಗೆ.

"ಮೀಟರ್ ಮೇಲೆ 20" ಕೂಡ ಇಲ್ಲಿದೆ. ಮಳೆ ಬರಲಿ, ಎಂಸಿಜಿ ಮೈದಾನದಲ್ಲಿ ಫುಟಿ ಅನ್ನುವ ಇಲ್ಲಿನ ಫುಟ್‌ಬಾಲ್ ಮ್ಯಾಚ್ ಬಿಡಲಿ, ನವೆಂಬರ್ ಮೊದಲ ಮಂಗಳವಾರ ಫ್ಲೆಮಿಂಗ್ಟನ್‌ನಲ್ಲಿ ಕುದುರೆ ರೇಸ್ ಮುಗಿಯಲಿ, ದರ ತಾನಾಗಿ ಒಂದೂವರೆ ಪಟ್ಟು, ಎರಡು ಪಟ್ಟು ಆಗುತ್ತದೆ. ಅದನ್ನು ಯಾರೂ ಸುಲಿಗೆ ಅನ್ನುವುದಿಲ್ಲ, ಡಿಮ್ಯಾಂಡ್ ಅನ್ನುತ್ತಾರೆ. ಯಂತ್ರ ಕೇಳಿದರೆ ಡಿಮ್ಯಾಂಡ್, ಖಾಕಿ ಅಂಗಿಯವನು ಕೇಳಿದರೆ ಲೂಟಿ. ನಾನೂ ಹಾಗೇ ಬೈದವನೇ, ಅದಕ್ಕೇ ಹೇಳುತ್ತಿದ್ದೇನೆ.

ಹಾಗಂತ ಬೆಂಗಳೂರಿನ ಆಟೋದವರೆಲ್ಲ ಪಾಪದವರು ಅಂತ ವಕಾಲತ್ತು ಹಾಕುತ್ತಿಲ್ಲ. ರಾತ್ರಿ ಹತ್ತು ಗಂಟೆಗೆ ಜಯನಗರದಲ್ಲಿ ಮಗು ಎತ್ತಿಕೊಂಡು ನಿಂತಿದ್ದ ನಮ್ಮ ಅಕ್ಕನಿಗೆ ಒಬ್ಬ ನಾಲ್ಕು ಕಿಲೋಮೀಟರ್‌ಗೆ 300 ಕೇಳಿದ. ಕೊಡಲ್ಲ ಅಂದಿದ್ದಕ್ಕೆ ಬಾಯಿಗೆ ಬಂದ ಹಾಗೆ ಅಂದ. ನಾಲ್ಕು ಕಿಲೋಮೀಟರ್‌ಗೆ ಯಾವ ಖಾಲಿ ವಾಪಸ್ಸು? ಅಂಥವನಿಗೆ ನನ್ನ ಲೆಕ್ಕದಲ್ಲಿ ಜಾಗ ಇಲ್ಲ.

ಇನ್ನು ಜನರ ವಿಷಯ. ಇಲ್ಲಿ ಒಬ್ಬರೇ ಇದ್ದರೆ ಎಷ್ಟೋ ಜನ ಮುಂದಿನ ಸೀಟಿನಲ್ಲೇ ಕೂರುತ್ತಾರೆ. ನನಗೆ ಅದು ಗೊತ್ತಿರಲಿಲ್ಲ. ಮೊದಲ ವಾರ ಕಟ್ಟಡ ಕೆಲಸದ ಒಬ್ಬ ಆಸಾಮಿ ಸೀದಾ ಮುಂದಿನ ಬಾಗಿಲು ತೆಗೆದ. ಆ ಸೀಟಿನ ಮೇಲೆ ನನ್ನ ಊಟದ ಡಬ್ಬಿ, ನೀರಿನ ಬಾಟಲಿ, ಬಿಚ್ಚಿಟ್ಟ ಸ್ವೆಟರ್. ಗಡಬಡಿಸಿ ಎಲ್ಲ ಎತ್ತಿ ಹಿಂದಕ್ಕೆ ಎಸೆದೆ. ಅವನು ಸಿಮೆಂಟ್ ಮೆತ್ತಿದ ಬೂಟು ಚಾಚಿ ಕೂತು, ನನ್ನ ಹೆಸರನ್ನು ಫೋನಿನಲ್ಲಿ ಓದಿ, ಹೆಂಗೆಂಗೋ ಉಚ್ಚರಿಸಿ, "ಸರಿಯಾಗಿ ಅಂದೆನಾ?" ಅಂತ ಕೇಳಿದ. ಆಮೇಲೆ ಎರಡು ಪ್ರಶ್ನೆ. ಇವತ್ತು ಬ್ಯುಸಿನಾ? ಎಷ್ಟು ಹೊತ್ತಿಗೆ ಮುಗಿಸುತ್ತೀಯ? ಆವತ್ತಿನಿಂದ ಇವತ್ತಿನವರೆಗೆ ಇವೇ ಎರಡು ಪ್ರಶ್ನೆಗೆ ಸಾವಿರಾರು ಸಲ ಉತ್ತರ ಕೊಟ್ಟಿದ್ದೇನೆ. ಬೇಜಾರು ಬರುತ್ತದೆ ನಿಜ. ಆದರೆ ಬೆಂಗಳೂರಿನ ಎಂಟು ವರ್ಷದಲ್ಲಿ ನಾನು ಒಬ್ಬ ಆಟೋದವರನ್ನೂ ಹೆಸರು ಕೇಳಿರಲಿಲ್ಲ. ಡ್ರೈವರ್ ಸೀಟಿನ ಹಿಂದೆ ಹಾಕಿದ ಡಿಸ್‌ಪ್ಲೇ ಕಾರ್ಡಿನಲ್ಲಿ ಫೋಟೋ ಸಮೇತ ಬರೆದಿರುತ್ತಿತ್ತು. ಓದಿದ್ದು ಜಗಳ ಆದಾಗ ಮಾತ್ರ.

ಹೀಗೆ ಹೇಳಿದರೆ ಇಲ್ಲಿ ಎಲ್ಲ ದೇವತೆಗಳೇ ಅಂದುಕೊಳ್ಳಬೇಡಿ. ಹಿಂದಿನ ಸೀಟಿನಲ್ಲಿ ವಾಂತಿ ಮಾಡಿದವರಿದ್ದಾರೆ. ಫೋಟೋ ತೆಗೆದು ಕಳಿಸಿದರೆ ತೊಳೆಯುವ ದುಡ್ಡು ಬರುತ್ತದೆ, ಆದರೆ ಆ ರಾತ್ರಿಯ ದುಡಿಮೆ ಹೋಯಿತು. ನೀನು ನಿಮ್ಮ ದೇಶಕ್ಕೆ ಯಾವಾಗ ವಾಪಸ್ ಹೋಗುತ್ತೀಯ ಅಂತ ಕೇಳಿದವರಿದ್ದಾರೆ. ಒಂದು ಸಲ ವಾಂಗೀಬಾತ್ ತಂದಿದ್ದೆ. ಮರುದಿನ ಆ್ಯಪ್‌ನಿಂದ ಮೆಸೇಜು, ಕಾರಿನಲ್ಲಿ ವಾಸನೆ ಅಂತ ದೂರು ಬಂದಿದೆ, ಸ್ವಚ್ಛವಾಗಿಡಿ. ಮೈಸೂರಿನಿಂದ ತರಿಸಿದ ಪುಡಿ ಕಣ್ರೀ ಅದು! ಆವತ್ತಿನಿಂದ ಡಬ್ಬಿ ಡಿಕ್ಕಿಯಲ್ಲಿ.

ಅಪರೂಪಕ್ಕೆ ನಮ್ಮವರೂ ಹತ್ತುತ್ತಾರೆ. ಹಿಂದೆ ಕೂತು ಫೋನಿನಲ್ಲಿ "ಹ್ಞೂ ಕಣೇ, ಕ್ಯಾಬಲ್ಲಿದೀನಿ" ಅಂದಾಗ ಗೊತ್ತಾಗುತ್ತದೆ. ಮೊದಮೊದಲು ತಿರುಗಿ ಕನ್ನಡದಲ್ಲಿ ಮಾತಾಡಿಸುತ್ತಿದ್ದೆ. ಖುಷಿಪಡುತ್ತಿದ್ದರು. ಐದು ನಿಮಿಷ ಆದ ಮೇಲೆ "ಹಂಗಾದ್ರೆ ಇದೇನಾ ಕೆಲಸ? ಓದಿದ್ದು ಏನು?" ಅಂತ ಶುರು. ಈಗ ಇಳಿಯುವಾಗ ಮಾತ್ರ "ಹೋಗಿ ಬನ್ನಿ" ಅನ್ನುತ್ತೇನೆ. ಬಾಗಿಲು ಹಿಡಿದುಕೊಂಡು ಒಂದು ಕ್ಷಣ ನಿಂತುಬಿಡುತ್ತಾರೆ. ಮಜಾ ಇರುತ್ತದೆ.

ದುಡ್ಡಿನ ಮಾತಿಗೆ ಬರೋಣ, ಎಲ್ಲರಿಗೂ ಬೇಕಾದ್ದು ಅದೇ ಅಲ್ವಾ. ಒಬ್ಬರು 44 ಡಾಲರ್ ಕೊಟ್ಟರು ಅಂದುಕೊಳ್ಳಿ. ನಾನು ಓಡಿಸುವ ಆ್ಯಪ್ ಕಾಲು ಭಾಗಕ್ಕಿಂತ ಜಾಸ್ತಿ ಹಿಡಿದುಕೊಳ್ಳುತ್ತದೆ. ಹೆಚ್ಚುಕಮ್ಮಿ 12 ಡಾಲರ್ ಹೋಯಿತು. ಇನ್ನು ಜಿಎಸ್‌ಟಿ. ಬೇರೆ ಸಣ್ಣ ವ್ಯಾಪಾರದವರಿಗೆ ಇಲ್ಲಿ ವರ್ಷಕ್ಕೆ 75,000 ಡಾಲರ್ ವಹಿವಾಟು ಆಗುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನಮಗೆ ಮಾತ್ರ ಬೋಣಿಯ ಡಾಲರಿನಿಂದಲೇ ಉಂಟು. ಆ್ಯಪ್ ಬಾಡಿಗೆಯೂ ಟ್ಯಾಕ್ಸಿ ಪ್ರಯಾಣವೇ ಅಂತ ಫೆಡರಲ್ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತು. ಕಟ್ಟಬೇಕಾದ್ದು ನನ್ನ ಕೈಗೆ ಬಂದ 32ರ ಮೇಲಲ್ಲ, ಪೂರ್ತಿ 44ರ ಮೇಲೆ. ಹನ್ನೊಂದರಲ್ಲಿ ಒಂದು ಪಾಲು, ಅಂದರೆ 4 ಡಾಲರ್. ಕಮಿಷನ್, ಪೆಟ್ರೋಲ್ ಮೇಲಿನ ಜಿಎಸ್‌ಟಿ ಲೆಕ್ಕ ತೋರಿಸಿ ಸ್ವಲ್ಪ ವಾಪಸ್ ಪಡೆಯಬಹುದು. ಉಳಿದದ್ದರಲ್ಲಿ ಪೆಟ್ರೋಲ್, ಇನ್ಶೂರೆನ್ಸ್, ಟೈರ್, ಸರ್ವಿಸ್. ನನ್ನ ಕಾರು ಪೆಟ್ರೋಲ್ ಕಮ್ಮಿ ಕುಡಿಯುವ ಕ್ಯಾಮ್ರಿ ಹೈಬ್ರಿಡ್ ಆದ್ದರಿಂದ ಬದುಕಿದ್ದೇನೆ. ಇಲ್ಲಿ ಅರ್ಧ ಊರಿನ ಚಾಲಕರು ಅದನ್ನೇ ಓಡಿಸುವುದಕ್ಕೆ ಕಾರಣ ಅದೇ.

ಈ ದೇಶದಲ್ಲಿ ಕನಿಷ್ಠ ಕೂಲಿ 2025ರ ಜುಲೈನಲ್ಲಿ ಗಂಟೆಗೆ 24.95 ಡಾಲರ್ ಆಯಿತು. ಕಾಫಿ ಅಂಗಡಿಯಲ್ಲಿ ಕಪ್ ತೊಳೆಯುವ ಹುಡುಗನಿಗೆ ಅದು ಸಿಗಲೇಬೇಕು. ನಮಗೆ ಅದು ಅನ್ವಯಿಸಲ್ಲ, ನಾವು ಸ್ವತಂತ್ರರು. ಎಂಥ ಸ್ವಾತಂತ್ರ್ಯ ಅಂದರೆ, ಆರು ಗಂಟೆ ಆ್ಯಪ್ ಆನ್ ಇದ್ದರೆ ಜನ ಕೂತಿರುವುದು ನಾಲ್ಕು ಗಂಟೆ. ಉಳಿದ ಎರಡು ಗಂಟೆ ಟಲ್ಲಾಮರೀನ್ ಏರ್‌ಪೋರ್ಟ್ ಹತ್ತಿರ ಸಾಲಿನಲ್ಲಿ ನಿಂತು ಪಂಜಾಬಿಗಳು, ಸೊಮಾಲಿಗಳ ಜೊತೆ ಕ್ರಿಕೆಟ್ ಮಾತು.

ಬೆಂಗಳೂರಿನ ಓಲಾ 2018ರಲ್ಲಿ ಈ ದೇಶಕ್ಕೆ ಬಂದಿತ್ತು. ನಮ್ಮೂರಿನದು ಅಂತ ಅಭಿಮಾನದಿಂದ ಅದನ್ನೂ ಓಡಿಸಿದೆ. 2024ರ ಏಪ್ರಿಲ್‌ನಲ್ಲಿ ಅದು ಗಂಟುಮೂಟೆ ಕಟ್ಟಿತು. ಈ ಕಮಿಷನ್ ವಿಷಯದಲ್ಲಿ ಬೆಂಗಳೂರು ಮೆಲ್ಬರ್ನ್‌ಗಿಂತ ಮುಂದಿದೆ ಅಂತಲೇ ನನ್ನ ಅನಿಸಿಕೆ. 2022ರಲ್ಲಿ ಬಂದ 'ನಮ್ಮ ಯಾತ್ರಿ' ಆ್ಯಪ್ ಕಮಿಷನ್ ಬಿಟ್ಟು ದಿನಕ್ಕೆ 25 ರೂಪಾಯಿ ಲೆಕ್ಕಕ್ಕೆ ಇಳಿಸಿತು. ಇಲ್ಲಿನ ಗೆಳೆಯರಿಗೆ ಅದನ್ನು ಹೇಳಿದರೆ ನಂಬುವುದಿಲ್ಲ. "ಬಾಡಿಗೆಗೆ 25ಆ, ದಿನಕ್ಕೆ 25ಆ?" ಅಂತ ಎರಡೆರಡು ಸಲ ಕೇಳುತ್ತಾರೆ.

ಐಡಿ ಬ್ಲಾಕ್ ಆಗುವ ಭಯ ಮಾತ್ರ ಎರಡೂ ಕಡೆ ಒಂದೇ. 2024ರಲ್ಲಿ ಒಬ್ಬ ಕಂಠಪೂರ್ತಿ ಕುಡಿದು ಹತ್ತಿದ. ಇಳಿದ ಮೇಲೆ ಚಾಲಕ ಕುಡಿದಿದ್ದ ಅಂತ ದೂರು ಕೊಟ್ಟ, ಬಾಡಿಗೆ ದುಡ್ಡು ವಾಪಸ್ ಬರಲಿ ಅಂತ. ನಾನು ಜನ್ಮದಲ್ಲಿ ಮುಟ್ಟಿದವನಲ್ಲ. ಮೇಲಾಗಿ ವಿಕ್ಟೋರಿಯಾದಲ್ಲಿ ಬಾಡಿಗೆ ಓಡಿಸುವಾಗ ರಕ್ತದಲ್ಲಿ ಮದ್ಯ ಸೊನ್ನೆ ಇರಬೇಕು ಅಂತಲೇ ಕಾನೂನು. ನನ್ನ ಖಾತೆ ಶುಕ್ರವಾರ ರಾತ್ರಿ ನಿಂತಿತು, ಸೋಮವಾರ ತಾನಾಗಿ ತೆರೆಯಿತು. ಏನು, ಯಾಕೆ, ಒಂದು ಮಾತಿಲ್ಲ. ಆಮೇಲೆ ಕ್ಯಾಮೆರಾ ಹಾಕಿಸಿದೆ. 2025ರ ಫೆಬ್ರವರಿ 26ರಿಂದ ಇಲ್ಲಿ ಅನ್ಯಾಯವಾಗಿ ಖಾತೆ ಮುಚ್ಚಿದರೆ ಕೆಲಸದ ತಕರಾರು ನೋಡುವ ಫೇರ್ ವರ್ಕ್ ಕಮಿಷನ್‌ಗೆ ಹೋಗಬಹುದು, ಆರು ತಿಂಗಳಾದರೂ ನಿಯಮಿತವಾಗಿ ಓಡಿಸಿರಬೇಕು ಅಷ್ಟೇ. ಕರ್ನಾಟಕದ ಗಿಗ್ ಕಾರ್ಮಿಕರ ಕಾನೂನೂ ಅದೇ ವರ್ಷ ಬಂತು. ಕೆಲಸದಿಂದ ತೆಗೆಯುವ ಮುಂಚೆ 14 ದಿನದ ನೋಟಿಸ್, ಕ್ಷೇಮನಿಧಿಗೆ ಕಂಪನಿಗಳಿಂದ ಶೇಕಡಾ 1ರಿಂದ 5. ಕಾಗದದ ಮೇಲೆ ಎರಡೂ ಚೆನ್ನಾಗಿವೆ.

ಆದರೆ ಖಾಲಿ ಕಿಲೋಮೀಟರ್ ಲೆಕ್ಕಕ್ಕೆ ಇವೆರಡೂ ಕೈ ಹಾಕಿಲ್ಲ. ವಿಚಿತ್ರ ಏನೆಂದರೆ ನಮ್ಮ ಜನರಿಗೆ ಈ ಲೆಕ್ಕ ಹೊಸದೇನಲ್ಲ. ಬೆಂಗಳೂರಿನಿಂದ ಮದುವೆಗೆ ಅಂತ ಶಿವಮೊಗ್ಗಕ್ಕೆ ಕಾರು ಮಾಡಿದರೆ ಹೋಗಿ ಬರುವ ಎರಡೂ ಕಿಲೋಮೀಟರ್ ಕೊಡುತ್ತೇವೆ. ಅಲ್ಲೇ ಇಳಿದುಕೊಂಡರೂ ಕೊಡುತ್ತೇವೆ. ಮೇಲೆ ಡ್ರೈವರ್ ಬಾಟಾ ಬೇರೆ. ಯಾರೂ ಲೂಟಿ ಅನ್ನಲ್ಲ, ಗಾಡಿ ವಾಪಸ್ ಬರಬೇಕಲ್ಲ ಅನ್ನುತ್ತಾರೆ. ಅದೇ ಗಾಡಿ ಮಲ್ಲೇಶ್ವರದಿಂದ ಕೆಂಗೇರಿ ಉಪನಗರಕ್ಕೆ ಹೋದರೆ ವಾಪಸ್ ಹಾರಿ ಬರುತ್ತದೆಯೇ? ಬೆಂಗಳೂರಿನ ಆಟೋ ದರ 2025ರ ಆಗಸ್ಟ್‌ನಲ್ಲಿ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18 ಆಯಿತು. ಹತ್ತು ಹದಿನೈದು ಕಿಲೋಮೀಟರ್ ದಾಟಿದರೆ ವಾಪಸಾತಿಗೆ ಇಷ್ಟು ಅಂತ ಮೀಟರಿನಲ್ಲೇ ಸೇರಿಸಿ. ಜನ ಮೊದಲು ಕೂಗಾಡುತ್ತಾರೆ, ಆಮೇಲೆ ಅಭ್ಯಾಸ ಆಗುತ್ತದೆ. ರಾತ್ರಿ ಒಂದೂವರೆ ಪಟ್ಟು ಅಭ್ಯಾಸ ಆಗಲಿಲ್ಲವೇ? ಹಾಗೆ ಮಾಡಿದ ಮೇಲೂ "ಬರಲ್ಲ" ಅಂದರೆ ಆಗ ನಂಬರ್ ಬರೆದುಕೊಳ್ಳಿ.

ಹೋದ ಡಿಸೆಂಬರ್‌ನಲ್ಲಿ ಊರಿಗೆ ಬಂದಿದ್ದೆ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ನಾಗರಭಾವಿಗೆ ಕ್ಯಾಬ್. ಅಭ್ಯಾಸ ಬಲ, ಮುಂದಿನ ಬಾಗಿಲು ತೆಗೆದೆ. ಸೀಟಿನ ಮೇಲೆ ಊಟದ ಡಬ್ಬಿ, ಒಂದು ಟವೆಲ್, ಬಿಚ್ಚಿದ ಬಾಳೆಹಣ್ಣಿನ ಚಿಪ್ಪು. ಡ್ರೈವರ್ ಗಡಬಡಿಸಿ ಎಲ್ಲ ಎತ್ತಿದರು. "ಹಿಂದೆ ಕೂತ್ಕೊಳ್ಳಿ ಸಾರ್, ಆರಾಮಾಗಿರುತ್ತೆ." ಪರವಾಗಿಲ್ಲ ಅಣ್ಣ ಅಂದೆ. ಯಲಹಂಕ ಬರುವವರೆಗೆ ಅವರಿಗೆ ಕಸಿವಿಸಿ. ಗೇರ್ ಹಾಕುವಾಗೆಲ್ಲ ಮೊಣಕೈ ಒಳಗೆಳೆದುಕೊಳ್ಳುತ್ತಿದ್ದರು.

ಹೆಬ್ಬಾಳದಲ್ಲಿ ಗಾಡಿ ನಿಂತಾಗ ಕೇಳಿದರು, "ಸಾರ್, ಹೊರದೇಶದಲ್ಲಿ ಏನ್ ಕೆಲಸ?"

"ನಿಮ್ಮದೇ."

ನಕ್ಕರು. ಫೋನ್ ತೆಗೆದು ಆ್ಯಪ್ ತೋರಿಸಿದೆ. ಆಮೇಲೆ ಮೊಣಕೈ ಆರಾಮಾಗಿ ಹರಡಿಕೊಂಡಿತು. ಅಲ್ಲಿ ಕಿಲೋಮೀಟರ್‌ಗೆ ಎಷ್ಟು ಬೀಳುತ್ತೆ, ಕಮಿಷನ್ ಎಷ್ಟು, ಕಾರು ಸ್ವಂತದ್ದಾ, ಲೋನಾ, ಪೊಲೀಸರು ಹೆಂಗೆ. ನಾಗರಭಾವಿ ಬಂದದ್ದೇ ಗೊತ್ತಾಗಲಿಲ್ಲ. ಏರ್‌ಪೋರ್ಟ್‌ಗೆ ವಾಪಸ್ ಬಾಡಿಗೆ ಸಿಗುತ್ತಾ ಅಂತ ಕೇಳಿದೆ. "ಈ ಟೈಮಲ್ಲಿ ಎಲ್ಲಿಂದ ಸಾರ್" ಅಂದರು. ಸೂಟ್‌ಕೇಸ್ ಇಳಿಸುತ್ತಿದ್ದ ಹಾಗೇ ಅವರ ಫೋನ್ ಬಡಿದುಕೊಂಡಿತು. ಒಂದು ಕೈಯಲ್ಲಿ ನನ್ನ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಫೋನ್.

"ಹಲೋ, ಹಾ ಹೇಳಿ ಸಾರ್. ಎಲ್ಲಿಗೆ?"