ಉಗುರಗಲದ ಗಾಯ

ದೋಣಿ ತಂದು ಕಟ್ಟುವ ಜಾಗಕ್ಕೆ ಧಕ್ಕೆ ಅನ್ನುತ್ತಾರೆ. ಪೆಟ್ಟು ಬಿದ್ದರೂ ಧಕ್ಕೆ ಅಂತಲೇ ಅನ್ನುತ್ತಾರೆ. ಎರಡಕ್ಕೂ ಒಂದೇ ಪದ ಯಾಕೆ ಅಂತ ನನಗೆ ಹೊಳೆದದ್ದು, ನಮ್ಮ ಪುಟ್ಟ ಫೈಬರ್‌ಗ್ಲಾಸ್ ದೋಣಿಯನ್ನು ಮೊದಲ ಸಲ ನಾನೊಬ್ಬನೇ ದಡಕ್ಕೆ ತಂದ ದಿನ.

ದೊಡ್ಡ ಪೆಟ್ಟೇನಲ್ಲ. ಮೂತಿಯ ಪಕ್ಕ ಹೆಬ್ಬೆರಳಿನ ಉಗುರಿನಷ್ಟು ಚಕ್ಕೆ ಎದ್ದಿತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನೇ ಎಲ್ಲರನ್ನೂ ಕರೆದು ತೋರಿಸಿದೆ. ಹೆಂಡತಿ ಬಗ್ಗಿ ನೋಡಿ, "ಇಷ್ಟಕ್ಕೆ ಇಷ್ಟು ಗೋಳಾ ರೀ? ಬಿಟ್ಬಿಡಿ" ಅಂದಳು. ಬಿಡೋದು ಹೇಗೆ? ಚಕ್ಕೆ ಎದ್ದ ಕಡೆ ಒಳಗಿನ ನಾರು ಕಾಣುತ್ತಿತ್ತು. ಹಾಗೇ ಬಿಟ್ಟರೆ ನೀರು ಒಳಗೆ ಹೋಗುತ್ತದೆ. ಅದಕ್ಕಿಂತ ಜಾಸ್ತಿ, ನನ್ನ ಮಾನ ಹೋಗುತ್ತದೆ.

ನನ್ನ ಭಾವಮೈದ ಈ ಕೆಲಸ ಬಲ್ಲವನು. ಫೋನಿನಲ್ಲಿ ಪಾಠ ಶುರುವಾಯಿತು. "ಭಾವ, ಅದು ಪೇಂಟ್ ಅಲ್ಲ, ಜೆಲ್‌ಕೋಟ್." ಮನೆಯಾದರೆ ಗೋಡೆ ಕಟ್ಟಿ ಆಮೇಲೆ ಬಣ್ಣ ಬಳಿಯುತ್ತೇವೆ. ಈ ದೋಣಿಗಳಲ್ಲಿ ಎಲ್ಲ ಉಲ್ಟಾ. ಅಚ್ಚಿನೊಳಗೆ ಮೊದಲು ಬಣ್ಣ ಕಲೆಸಿದ ರೆಸಿನ್, ಅಂದರೆ ಆಮೇಲೆ ಗಟ್ಟಿಯಾಗುವ ಅಂಟುದ್ರವ, ಹೊಡೆಯುತ್ತಾರೆ, ಅದರ ಬೆನ್ನಿಗೆ ಗಾಜಿನ ನಾರಿನ ಗೋಡೆ ಎಬ್ಬಿಸುತ್ತಾರೆ. ಮೊದಲು ಹೊಡೆದ ಆ ಪದರವೇ ಜೆಲ್‌ಕೋಟ್. ದಪ್ಪ ಹೆಚ್ಚೂಕಡಿಮೆ ಅರ್ಧ ಮಿಲಿಮೀಟರ್. ಅರ್ಧ ಮಿಲಿಮೀಟರ್ ತುಂಬುವುದಕ್ಕೆ ಒಂದು ಮಧ್ಯಾಹ್ನ ಸಾಕು ಅಂತ ನಾನು ಲೆಕ್ಕ ಹಾಕಿದೆ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬಾರದು ಅನ್ನುತ್ತಾರೆ. ಆದರೆ ಈ ಕೆಲಸ ಶುರುವಾಗುವುದೇ ಗಾಯವನ್ನು ದೊಡ್ಡದು ಮಾಡುವುದರಿಂದ. ಅಂಚಿನಲ್ಲಿ ಸಡಿಲವಾದದ್ದನ್ನೆಲ್ಲ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಹೊಸದು ಹಿಡಿಯುವುದಿಲ್ಲ. ಕೆರೆದೆ. ಇನ್ನೂ ಸ್ವಲ್ಪ ಸಡಿಲ ಅನ್ನಿಸಿತು. ಮತ್ತೆ ಕೆರೆದೆ. ಕೆರೆಯುವುದರಲ್ಲಿ ಒಂದು ಸುಖವಿದೆ, ಅಲ್ವಾ? ಸುಖ ಮುಗಿಯುವ ಹೊತ್ತಿಗೆ ಉಗುರಿನಷ್ಟಿದ್ದದ್ದು ಬೆಂಕಿಪೊಟ್ಟಣದಷ್ಟಾಗಿತ್ತು.

ಆಮೇಲೆ ಹಾರ್ಡ್ನರ್, ಅಂದರೆ ಜೆಲ್‌ಕೋಟನ್ನು ಗಟ್ಟಿ ಮಾಡುವ ದ್ರವ. ಇದರ ಹೆಸರು ಎಂಇಕೆಪಿ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು, ಹಾಗಾಗಿ ಕನ್ನಡಕ, ಕೈಗವಸು ಎಲ್ಲ ಹಾಕಿಕೊಂಡು ಗಗನಯಾತ್ರಿಯಂತೆ ಕೂತೆ. ಸಾಮಾನ್ಯವಾಗಿ ತೂಕದ ಶೇಕಡಾ 1ರಿಂದ 2ರಷ್ಟು ಹಾಕಬೇಕು. ಅಂದರೆ 10 ಗ್ರಾಂ ಜೆಲ್‌ಕೋಟ್‌ಗೆ ಹೆಚ್ಚೆಂದರೆ 0.2 ಗ್ರಾಂ. ನಮ್ಮ ಅಡುಗೆಮನೆಯ ತಕ್ಕಡಿಗೆ ಅದು ತೂಕವೇ ಅಲ್ಲ. ಅದು ಸೊನ್ನೆ ತೋರಿಸುತ್ತಲೇ ಇತ್ತು, ನಾನು ಹನಿಸುತ್ತಲೇ ಇದ್ದೆ. ಜಾಸ್ತಿಯಾದರೆ ಬೇಗ ಗಟ್ಟಿಯಾಗುತ್ತೆ, ಒಳ್ಳೆಯದೇ ಅಲ್ವಾ ಅಂದುಕೊಂಡೆ.

ಬೇಗ ಗಟ್ಟಿಯಾಯಿತು. ಕಪ್ಪಿನಲ್ಲೇ ಆಯಿತು. ಕಲೆಸುತ್ತಿದ್ದ ಕಡ್ಡಿ ಹಾಗೇ ನೆಟ್ಟಗೆ ನಿಂತಿತು. ಕಪ್ಪು ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಮಗಳು ಬಂದು, "ಅಪ್ಪಾ, ಕಪ್ಪಿಗೆ ಜ್ವರ ಬಂದಿದೆ" ಅಂದಳು. ಭಾವಮೈದನಿಗೆ ಹೇಳಿದರೆ ಒಂದು ನಿಮಿಷ ಮಾತೇ ಇಲ್ಲ. ನಗುತ್ತಿದ್ದ ಅಂತ ಕಾಣುತ್ತದೆ.

ಎರಡನೇ ಸಲ ಇನ್ನೂ ಸಣ್ಣ ತಕ್ಕಡಿ ತಂದು, ಲೆಕ್ಕದ ಹನಿ ಹಾಕಿ, ನೀಟಾಗಿ ತುಂಬಿದೆ. ಬೆಳಿಗ್ಗೆ ಹೋಗಿ ನೋಡಿದರೆ ಅಂಟಂಟು. ಅದರ ಮೇಲೆ ಒಂದು ನೊಣ, ಎರಡು ಸೊಳ್ಳೆ. ಸಾಲದ್ದಕ್ಕೆ, ಆಯಿತೋ ಇಲ್ಲವೋ ಅಂತ ರಾತ್ರಿ ನಾನೇ ಮುಟ್ಟಿ ನೋಡಿದ ಬೆರಳಿನ ಗುರುತು.

"ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದ್ರಾ ಭಾವ?"

"ಮುಚ್ಚಬೇಕು ಅಂತ ನೀನು ಹೇಳಲೇ ಇಲ್ಲವಲ್ಲೋ!"

"ಹೇಳಿದ್ದೆ. ನೀವು ಆಗ ಹನಿ ಎಣಿಸ್ತಿದ್ರಿ."

ವಿಷಯ ಇಷ್ಟೇ. ಮೇಣ ಸೇರಿಸದ ಜೆಲ್‌ಕೋಟ್‌ಗೆ ಗಾಳಿ ತಗುಲಿದರೆ ಮೇಲ್ಮೈ ಪೂರ್ತಿ ಗಟ್ಟಿಯಾಗುವುದಿಲ್ಲ. ಅಚ್ಚಿನಲ್ಲಿ ಅದು ಅನುಕೂಲವೇ. ಅಂಟು ಉಳಿದ ಬೆನ್ನಿಗೆ ಗಾಜಿನ ನಾರು ಚೆನ್ನಾಗಿ ಹಿಡಿಯುತ್ತದೆ, ಮುಖ ಅಚ್ಚಿಗೆ ಒತ್ತಿಕೊಂಡು ಫಳಫಳ ಹೊಳೆಯುತ್ತದೆ. ನಮ್ಮ ರಿಪೇರಿಯಲ್ಲಿ ಮುಖವೇ ಗಾಳಿಗೆ. ಎಲ್ಲ ಅಸಿಟೋನ್‌ನಲ್ಲಿ ಒರೆಸಿ, ಕೆರೆದು ತೆಗೆದೆ. ಗಾಯ ಈಗ ಅಂಗೈಯಗಲ.

ಮೂರನೇ ಸಲದ್ದು ಕಲ್ಲಿನಂತೆ ಗಟ್ಟಿಯಾಯಿತು. ಬಣ್ಣ ಮಾತ್ರ ಬೇರೆ. ದೋಣಿ ಬಿಳಿ, ಡಬ್ಬಿಯ ಜೆಲ್‌ಕೋಟೂ ಬಿಳಿ. ಆದರೆ ಒಂದರ ಪಕ್ಕ ಒಂದು ಇಟ್ಟರೆ ಹಳೇ ಪಂಚೆಗೆ ಹೊಸ ತೇಪೆ. ವರ್ಷಗಟ್ಟಲೆ ಬಿಸಿಲು ತಿಂದ ದೋಣಿಗೆ ಹಳದಿ ಬಂದಿರುತ್ತದೆ, ಮೇಲೆ ಸುಣ್ಣದಂಥ ಪುಡಿ ಕೂತಿರುತ್ತದೆ. ಆ ಪುಡಿಯನ್ನು ಮೊದಲು ಉಜ್ಜಿ ತೆಗೆದು, ಅಡಿಯ ನಿಜವಾದ ಬಣ್ಣ ನೋಡಿ, ಅದಕ್ಕೆ ಹೊಂದಿಸಬೇಕು. ಈ ಮಾತು ನನಗೆ ಸಿಕ್ಕಿದ್ದು ಎಂದಿನಂತೆ ತಡವಾಗಿ.

ಬಣ್ಣ ಹೊಂದಿಸುವುದರಲ್ಲಿ ಎರಡು ದಿನ ಕಳೆದೆ. ಒಂದು ತೊಟ್ಟು ಹಳದಿ. ಸಾಲದು. ಇನ್ನೊಂದು. ಅಯ್ಯೋ, ಜಾಸ್ತಿ. ಸ್ವಲ್ಪ ಬಿಳಿ. ಕಡ್ಡಿಯ ತುದಿಯಷ್ಟೇ ಕಪ್ಪು ಬಣ್ಣ ಹಾಕಿದೆ, ಕಪ್ಪಿನಲ್ಲಿದ್ದದ್ದೆಲ್ಲ ಬೂದಿ ಬಣ್ಣವಾಯಿತು. ಬೆಳಿಗ್ಗೆ ಸರಿ ಅನ್ನಿಸಿದ ಬಣ್ಣ ಸಂಜೆ ತಪ್ಪು. ಬಿಳಿಯಲ್ಲಿ ಇಷ್ಟು ಜಾತಿಗಳಿವೆ ಅಂತ ಯಾರಿಗೆ ಗೊತ್ತಿತ್ತು? ಹೆಂಡತಿಯನ್ನು ಕರೆದು, "ಇದು ಬಿಳಿಯಾ, ಅದು ಬಿಳಿಯಾ?" ಅಂದರೆ, "ನಿಮ್ಮ ತಲೆಕೂದಲು" ಅಂದಳು. "ಎಷ್ಟೆಷ್ಟು ತೊಟ್ಟು ಹಾಕಿದ್ರಿ ಅಂತ ಬರೆದಿಟ್ಕೊಳ್ಳಿ ಭಾವ" ಅಂದ ಭಾವಮೈದ. ಇರೋದು ಒಂದೇ ಗಾಯ, ಬರೆದು ಏನು ಮಾಡಲಿ ಅಂದೆ.

ನಾಲ್ಕನೇ ಸಲ ಕೂಡಿಬಂತು. ಗಟ್ಟಿಯಾಗುತ್ತಾ ಸ್ವಲ್ಪ ಕುಗ್ಗುತ್ತದೆ ಅಂತ ತುಸು ಉಬ್ಬಿಸಿಯೇ ತುಂಬಿದೆ, ಹಾಳೆ ಮುಚ್ಚಿದೆ, ಕೈ ಕಟ್ಟಿಕೊಂಡು ಮಲಗಿದೆ. ಮಾರನೆಯ ದಿನ ಮರದ ತುಂಡಿಗೆ ಸುತ್ತಿದ ಸ್ಯಾಂಡ್‌ಪೇಪರ್, ನೀರು, ನಾನು. ಒರಟಿನಿಂದ ನಯಕ್ಕೆ 400, 600, 1000, 1500 ನಂಬರಿನವು. ಕೊನೆಗೆ ಹೊಳಪು ಕೊಡುವ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದಾಗ ಗಾಯ ಮಾಯ. ಅಂಚು ಕೂಡ ಕಾಣಲಿಲ್ಲ.

ಆ ಭಾನುವಾರ ಭಾವಮೈದನೇ ಬಂದ. ಎದೆಯುಬ್ಬಿಸಿ ಕರೆದುಕೊಂಡು ಹೋದೆ. ಆದರೆ ತೋರಿಸಬೇಕು ಅಂದರೆ ಜಾಗ ನನಗೇ ಸಿಗುತ್ತಿಲ್ಲ. ಬಗ್ಗಿದೆ, ಕುಕ್ಕರಗಾಲಲ್ಲಿ ಕೂತೆ, ಉಗುರಿಂದ ಸವರಿ ನೋಡಿದೆ. ನಾಲ್ಕು ಸಲ ಬೆವರು ಸುರಿಸಿದ್ದಕ್ಕೆ ಸಾಕ್ಷಿಯೇ ಇಲ್ಲ. ಅಷ್ಟರಲ್ಲಿ ಅವನು ಆಚೆ ಬದಿಯಿಂದ, "ಸಿಕ್ತು ಭಾವ! ಆದ್ರೆ ಇದು ಇನ್ನೂ ತುಂಬೇ ಇಲ್ವಲ್ಲ?" ಅಂದ.

ಓಡಿ ಹೋಗಿ ನೋಡಿದೆ. ಹೆಬ್ಬೆರಳಿನ ಉಗುರಿನಷ್ಟು, ಹೊಚ್ಚಹೊಸದು. ಮೊನ್ನೆ ಪೂರ್ತಿ ಗಮನ ಈಚೆ ಬದಿಯ ಮೇಲಿಟ್ಟು ದೋಣಿ ಕಟ್ಟಿದ್ದೆ.

"ಪರವಾಗಿಲ್ಲ ಬಿಡಿ, ಬಣ್ಣ ಹೇಗೂ ಗೊತ್ತಿದೆಯಲ್ಲ" ಅಂದ ಅವನು. "ಎಷ್ಟು ತೊಟ್ಟು ಹಳದಿ ಹಾಕಿದ್ರಿ?"