ಟೊಮೇಟೊ ಬಾಕ್ಸೂ, ಮೈಕಿನಲ್ಲಿ ಬಾರದ ಹೆಸರೂ

ಸುಗ್ಗಿ ಹಬ್ಬದ ದಿನ ಆರಾಧನೆ ಮುಗಿದ ಮೇಲೆ ನಮ್ಮ ಕೋಲಾರದ ಚರ್ಚಿನ ಅಂಗಳದಲ್ಲಿ ಹರಾಜು ಇರುತ್ತದೆ. ತೋಟದಿಂದ, ಮನೆಯಿಂದ ಜನ ತಂದಿಟ್ಟ ಕುಂಬಳಕಾಯಿ, ರಾಗಿ, ನಾಟಿ ಕೋಳಿ ಎಲ್ಲ ಕೂಗಿ ಮಾರುತ್ತಾರೆ. ದುಡ್ಡು ಬಡಮಕ್ಕಳ ಫೀಸಿಗೆ.

ಈ ಸಲ ನಾನು 15 ಕೆಜಿಯ ಒಂದು ಟೊಮೇಟೊ ಬಾಕ್ಸ್ ಕೂಗಿದೆ. 2023ರ ಜುಲೈನಲ್ಲಿ ನಮ್ಮ ಮಂಡಿಯಲ್ಲಿ ಇದೇ ಬಾಕ್ಸ್ ಎರಡು ಸಾವಿರ ದಾಟಿತ್ತು, ಈ ಹರಾಜಿನ ದಿನ ಮುನ್ನೂರೂ ಇರಲಿಲ್ಲ. ಎದುರಿಗೆ ನಿಂತವರು ಸಾವಿರ ಅಂದರು, ನಾನು ಸಾವಿರದೈನೂರು ಅಂದೆ, ಅವರು ಬಿಡಲಿಲ್ಲ, ನಾನೂ ಬಿಡಲಿಲ್ಲ, ಕೊನೆಗೆ ನಾಲ್ಕು ಸಾವಿರಕ್ಕೆ ನನ್ನದಾಯಿತು. ಮೈಕ್ ಹಿಡಿದವರು ಗಡಿಬಿಡಿಯಲ್ಲಿ ಬೇರೆ ಯಾರದೋ ಹೆಸರು ಹೇಳಿಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬಾಕ್ಸನ್ನು ಬೈಕಿಗೆ ಕಟ್ಟಿಕೊಂಡು ಬರುವಾಗ ದಾರಿಯುದ್ದಕ್ಕೂ ಎದೆ ಉರಿಯುತ್ತಿತ್ತು. ಮನೆಯಲ್ಲಿ ಇಳಿಸಿ ನೋಡಿದರೆ ತಳದ ಹಣ್ಣುಗಳೆಲ್ಲ ಒಡೆದು, ಹಾಸಿದ್ದ ಪೇಪರ್ ನೆನೆದು ಹೋಗಿತ್ತು. ಅದನ್ನು ಒರೆಸುತ್ತಾ ಕೂತಾಗ ಹೊಳೆಯಿತು. ಮಕ್ಕಳ ಫೀಸಿಗೆ ಅಂತ ಕೊಟ್ಟಿದ್ದರೆ ದುಡ್ಡು ಸೇರಬೇಕಾದಲ್ಲಿ ಸೇರಿದೆ, ಮತ್ತೆ ಈ ಉರಿ ಯಾಕೆ?

ಕೊಡುವಾಗ ನಮ್ಮ ಮನಸ್ಸು ನಮಗೇ ಗೊತ್ತಾಗುವುದಿಲ್ಲ. ಕೊಟ್ಟ ಮೇಲೆ ಏನು ನೋಯುತ್ತದೆ ಅಂತ ನೋಡಿದರೆ ಗೊತ್ತಾಗುತ್ತದೆ. ನನಗೆ ಬಂದ ಉತ್ತರ ಇದು.

ಬೈಬಲಿನ ಯೋಹಾನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಮರಿಯಳು ಯೇಸುವಿನ ಪಾದಕ್ಕೆ ಬೆಲೆಬಾಳುವ ತೈಲ ಹಚ್ಚಿದಾಗ ಶಿಷ್ಯ ಯೂದ ಕೇಳುತ್ತಾನಲ್ಲ, ಇದನ್ನು 300 ನಾಣ್ಯಕ್ಕೆ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಅಂತ. ಕೂಲಿಯವನ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ ಅದು. ಮಾತು ಎಷ್ಟು ಒಳ್ಳೆಯದು ಅಲ್ವಾ? ಆದರೆ ಹಣದ ಚೀಲ ಅವನ ಕೈಯಲ್ಲಿತ್ತು, ಅದರಿಂದ ಕದಿಯುತ್ತಿದ್ದ. ಹೊಲ ಮಾರಿ ಮೊದಲ ಕ್ರೈಸ್ತ ಸಭೆಗೆ ದುಡ್ಡು ತಂದ ಅನನೀಯನ ಕಥೆಯೂ ನನ್ನನ್ನು ಬಿಡುವುದಿಲ್ಲ. ಆ ದುಡ್ಡಿನಲ್ಲಿ ಸ್ವಲ್ಪ ತನಗೆ ಇಟ್ಟುಕೊಂಡದ್ದು ಅವನ ತಪ್ಪಲ್ಲ. ಅದು ನಿನ್ನದೇ ಆಗಿತ್ತಲ್ಲ ಅಂತ ಯೇಸುವಿನ ಶಿಷ್ಯ ಪೇತ್ರನೇ ಹೇಳುತ್ತಾನೆ. ಸ್ವಲ್ಪ ಕೊಟ್ಟು ಎಲ್ಲ ಕೊಟ್ಟವನಂತೆ ನಿಂತನಲ್ಲ, ಅದು ತಪ್ಪು. ನಾನೂ ಹೆಸರಿಗಾಗಿ ಕೂಗಿ, ಮಕ್ಕಳಿಗಾಗಿ ಕೂಗಿದವನಂತೆ ನಿಂತಿದ್ದೆ.

ಹಾಗಾದರೆ ಮನಸ್ಸು ಪೂರ್ತಿ ಶುದ್ಧ ಆಗುವವರೆಗೆ ಕೊಡಬಾರದಾ? ಹೀಗೆ ಹೇಳುವವರು ನಮ್ಮಲ್ಲಿದ್ದಾರೆ. ನಾನು ಒಪ್ಪುವುದಿಲ್ಲ. ಸೆರೆಯಲ್ಲಿದ್ದ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದದ್ದು ನೋಡಿ. ಕೆಲವರು ಹೊಟ್ಟೆಕಿಚ್ಚಿನಿಂದಲೇ ಸುವಾರ್ತೆ ಸಾರುತ್ತಿದ್ದಾರೆ, ಆದರೇನು, ಕ್ರಿಸ್ತನನ್ನು ಸಾರಿದ್ದಂತೂ ಆಯಿತು, ಅದಕ್ಕೆ ಸಂತೋಷಪಡುತ್ತೇನೆ ಅನ್ನುತ್ತಾನೆ. ಫೀಸು ಕಟ್ಟಿಸಿಕೊಂಡ ಮಗುವಿಗೆ ನನ್ನ ಒಳಗಿನ ಲೆಕ್ಕ ಬೇಕಿಲ್ಲ, ನಾಳೆ ಕ್ಲಾಸಿಗೆ ಹೋದರೆ ಸಾಕು. ಆದರೆ ಪ್ರೀತಿ ಇಲ್ಲದೆ ಇದ್ದದ್ದನ್ನೆಲ್ಲ ಹಂಚಿದರೂ ನನಗೇನೂ ಪ್ರಯೋಜನ ಇಲ್ಲ ಅಂತ ಅದೇ ಪೌಲ ಕೊರಿಂಥದವರಿಗೆ ಬರೆದ. ಮಗುವಿಗೆ ಲಾಭವಾಯಿತು, ನನಗೆ ಆಗಲಿಲ್ಲ. ಎರಡೂ ನಿಜ. ಅದಕ್ಕೇ ಕೊಡುವುದನ್ನು ನಿಲ್ಲಿಸಬಾರದು, ಒಳಗೆ ನೋಡಿಕೊಳ್ಳುವುದನ್ನೂ ನಿಲ್ಲಿಸಬಾರದು.

ಮಾರನೇ ದಿನ ಚರ್ಚಿನಿಂದ ಫೋನ್ ಬಂತು. ಹೆಸರು ತಪ್ಪಾಗಿದೆ ಬ್ರದರ್, ಮುಂದಿನ ಭಾನುವಾರ ಸರಿಮಾಡಿ ಓದುತ್ತೇವೆ ಅಂದರು. ಬೇಡ ಬಿಡಿ ಅಂದೆ. ಹಾಗನ್ನುವಾಗಲೂ ಗಂಟಲು ಸ್ವಲ್ಪ ಕಟ್ಟಿತ್ತು, ಸುಳ್ಳು ಹೇಳುವುದಿಲ್ಲ.