ಸತ್ಯಾಂಶ: ಕಾಲೇಜು ಬದಲಿಸಿದ ಫುಟ್‌ಬಾಲ್ ಲೈನ್‌ಮನ್ ಒಂದು ವರ್ಷ ಕೂರಲೇಬೇಕೇ?

‘ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ತಂಡ ಬದಲಿಸಿದವನು ಒಂದು ವರ್ಷ ಬೆಂಚಿನಲ್ಲೇ’ ಎಂಬ ಫಾರ್ವರ್ಡ್ ಹಳೆಯ ಕಥೆ. 2021ರಲ್ಲಿ ಅಲ್ಲಿನ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಮೊದಲ ವರ್ಗಾವಣೆಗೆ ಈ ನಿರ್ಬಂಧ ತೆಗೆಯಿತು. 2024ರ ಏಪ್ರಿಲ್‌ನಲ್ಲಿ, ಓದಿನ ಅರ್ಹತೆ ಉಳಿಸಿಕೊಂಡವರು ಎಷ್ಟು ಸಲ ಬದಲಿಸಿದರೂ ತಕ್ಷಣ ಆಡಬಹುದೆಂದು ಸಡಿಲಿಸಿತು.

ಆದರೆ ಅನುಮತಿ ಬೇರೆ, ಆಫೆನ್ಸಿವ್ ಲೈನ್‌ಗೆ, ಅಂದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಲೈನ್‌ಮನ್‌ಗಳ ಸಾಲಿಗೆ, ಹೊಂದಿಕೊಳ್ಳುವುದೇ ಬೇರೆ. ಸಾಲಿನ ಬಲತುದಿಯ ಆಟಗಾರ ‘ಬಲ ಟ್ಯಾಕಲ್’ನನ್ನು ಎಡತುದಿಗೆ ಹಾಕಿದರೆ ನಿಲುವೇ ತಿರುಗುಮುರುಗು: ಪಾಸ್ ಎಸೆಯುವವನನ್ನು ಕಾಯುವಾಗ ಬಲಗಾಲಿನ ಬದಲು ಎಡಗಾಲು ಮೊದಲು ಹಿಂದೆ ಸರಿಯಬೇಕು. ಎದುರಾಳಿಗಳಿಬ್ಬರು ಅಡ್ಡ ಹಾಯ್ದು ಜಾಗ ಅದಲುಬದಲು ಮಾಡಿದರಂತೂ ಟ್ಯಾಕಲ್ ಮತ್ತು ಅವನ ಪಕ್ಕದ ಗಾರ್ಡ್ ‘ಇವನು ನಿನಗೆ, ಅವನು ನನಗೆ’ ಎಂದು ಕ್ಷಣದಲ್ಲಿ ಹಂಚಿಕೊಳ್ಳಬೇಕು. ಇಬ್ಬರೂ ಒಬ್ಬನ ಹಿಂದೆಯೇ ಹೋದರೋ, ಇನ್ನೊಬ್ಬ ಸೀದಾ ಕ್ವಾರ್ಟರ್‌ಬ್ಯಾಕ್ ಮೇಲೆ. ಹೊಸಬ 140 ಕಿಲೋ ತೂಗಲಿ, ಸಾಲಿನ ನಡುವಿನ ಆಟಗಾರ ಸೆಂಟರ್ ಕೂಗುವ ಸಂಕೇತ ತಲೆಗೆ ಹತ್ತದಿದ್ದರೆ ಆ ತೂಕ ಉಪಯೋಗಕ್ಕಿಲ್ಲ.